ಮೋಟಾರ್ ಸೈಕಲ್ಲಿನ ಬೀಸಣಿಗೆ

ಬೇಸಗೆಯಲ್ಲಿ ಮನುಷ್ಯನಿಗೆ ಬೀಸಣಿಗೆಯು ಹೇಗೆ ಬೇಕೋ ಕೆಲವು ಮೋಟಾರ್ ಸೈಕಲ್ಲುಗಳ ಯಂತ್ರಕ್ಕೂ ಹಾಗೆಯೇ ಬೇಕು. ಇದು ನಮಗೆ ಪುಸ್ತಕದಿಂದ ತಿಳಿದುದಲ್ಲ. ದಾರಿಯಲ್ಲಿ ಪಟ್ಟ ಪಾಡಿನಿಂದ ತಿಳಿದುದು. ಗೃಹಸ್ಥರಾದ ವಾಚಕರಿಗೆ ಉಪಯೋಗವಾದೀತೆಂದು ಅದನ್ನಿಲ್ಲಿ ಬರೆಯುತ್ತೇವೆ.

ನಮ್ಮದು ಅಮ್ಮಸಂದ್ರದ ಕಡೆಯ ಊರು. ಬೆಂಗಳೂರಿನಿಂದ ಅರಸೀಕೆರೆಗೆ ಹೋಗುವ ರೈಲುದಾರಿಯ ಇಕ್ಕೆಲದಲ್ಲಿಯೂ ಇಲ್ಲಿ ತೆಂಗಿನ ತೋಟಗಳೇ. ಕಳೆದ ಬೇಸಗೆಯಲ್ಲಿ ಒಂದು ದಿನ ತಾಯಿಯವರನ್ನು ವೈದ್ಯರಲ್ಲಿಗೆ ಕರೆದೊಯ್ಯಲು ಮಗನು ಅವರನ್ನು ಮೋಟಾರ್ ಸೈಕಲ್ಲಿನ ಮೇಲೆ ಕೂರಿಸಿಕೊಂಡು ತುರುವೇಕೆರೆಗೆ ಹೊರಟನು. ನಾವು ಇನ್ನೊಂದು ಗಾಡಿಯಲ್ಲಿ ಹಿಂಬಾಲಿಸಿದೆವು. ಮುಂದೆ ತೆಂಗಿನ ಮಟ್ಟೆ ತುಂಬಿದ ಟ್ರಾಕ್ಟರುಗಳು ಸಾಲಾಗಿ ಹೋಗುತ್ತಿದ್ದುದರಿಂದ ನಡಿಗೆಯ ವೇಗಕ್ಕಿಂತ ಹೆಚ್ಚು ಸಾಗಲಾಗಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಬಿಸಿಯೇರಿತೆಂದು ಎಚ್ಚರಿಸುವ ಕೆಂಪು ದೀಪವು ಹೊತ್ತಿಕೊಂಡಿತು. ಮಗನು ಗಾಡಿಯನ್ನು ನೆರಳಿಗೆ ನಿಲ್ಲಿಸಿ, ನೀರು ಹಾಕೋಣವೆಂದು ರೇಡಿಯೇಟರಿನ ಮುಚ್ಚಳಕ್ಕೆ ಕೈಯಿಟ್ಟನು. ನಾವು ಓಡಿಹೋಗಿ ಅವನ ಕೈಯನ್ನು ಹಿಡಿದೆವು.

ಹಿಡಿಯದೆ ಇದ್ದಿದ್ದರೆ ಏನಾಗುತ್ತಿತ್ತು? ಅಡಿಗೆಮನೆಯ ಪ್ರೆಷರ್ ಕುಕ್ಕರನ್ನು ನೆನೆಯಿರಿ. ಒಳಗೆ ಒತ್ತಡವಿರುವಾಗ ನೀರು 100 ಡಿಗ್ರಿ ಸೆಲ್ಸಿಯಸ್ಸಿಗೆ ಕುದಿಯುವುದಿಲ್ಲ. ಅದಕ್ಕೂ ಮೀರಿ ಕಾಯುತ್ತದೆ. ಮುಚ್ಚಳ ತೆರೆದೊಡನೆ ಒತ್ತಡವಿಳಿದು, ದ್ರವವೆಲ್ಲ ಒಮ್ಮೆಗೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ಆದುದರಿಂದ ಯಂತ್ರವು ಕೈಯಿಂದ ಮುಟ್ಟುವಷ್ಟು ತಣ್ಣಗಾಗುವವರೆಗೆ ಮುಚ್ಚಳವನ್ನು ಎಂದಿಗೂ ತೆರೆಯಕೂಡದು. ಉಳಿದುದನ್ನೆಲ್ಲ ಮರೆತರೂ ಇದೊಂದನ್ನು ಮರೆಯಬಾರದು.

ಹಿಂದಿನ ಗಾಡಿಗಳಿಗೆ ಈ ತೊಡಕಿರಲಿಲ್ಲ. ಮೈಸೂರಿನ ಕಾರ್ಖಾನೆಯಿಂದ 1960ರ ದಶಕದಲ್ಲಿ ಬಂದ ಜಾವಾ, 1973ರಿಂದ ಬಂದ ಎಜ್ಡಿ, ಇವುಗಳ ಯಂತ್ರದ ಮೈಮೇಲೆ ಲೋಹದ ರೆಕ್ಕೆಗಳಿದ್ದುವು. ಓಟದ ಗಾಳಿಯೇ ಅವನ್ನು ತಣಿಸುತ್ತಿತ್ತು. ಆ ಕಾರ್ಖಾನೆಯು 1996ರಲ್ಲಿ ನಿಂತಿತು. 2018ರಲ್ಲಿ ಜಾವಾ ಎಂಬ ಹೆಸರು ಮರಳಿ ಬಂದಾಗ ಯಂತ್ರವು ದ್ರವದಿಂದ ತಂಪಾಗುವ ಬಗೆಯದಾಗಿತ್ತು. ಸ್ಕೂಟರಿನ ಸಂಗತಿ ಬೇರೆ. ಅದರ ಯಂತ್ರವು ಹೊದಿಕೆಯೊಳಗೆ ಅಡಗಿರುವುದರಿಂದ ಯಂತ್ರದೊಡನೆಯೇ ಸದಾ ತಿರುಗುವ ಬೀಸಣಿಗೆಯನ್ನಿಟ್ಟಿರುತ್ತಾರೆ. ಅದಕ್ಕೆ ವಿದ್ಯುತ್ತು ಬೇಡ. ಅಲಗು ಮುರಿದಿದೆಯೇ, ಹೊದಿಕೆ ಬಿರಿದಿದೆಯೇ, ಗಾಳಿಯ ದಾರಿಯಲ್ಲಿ ಕಸ ಕಟ್ಟಿದೆಯೇ ಎಂದು ನೋಡಿದರೆ ಸಾಕು.

ದ್ರವದಿಂದ ತಂಪಾಗುವ ಗಾಡಿಯಲ್ಲಿ ಬೀಸಣಿಗೆಯು ರೇಡಿಯೇಟರಿನ ಹಿಂದೆ ಇರುವುದು. ವೇಗವಾಗಿ ಓಡುವಾಗ ಅದು ಸುಮ್ಮನಿರುತ್ತದೆ. ಗಾಡಿ ನಿಧಾನವಾಗಿ ದ್ರವದ ಬಿಸಿಯೇರಿದಾಗ ಸೆನ್ಸರು ಅದನ್ನರಿಯುತ್ತದೆ, ರಿಲೇ ಎಂಬ ಸಣ್ಣ ಕೀಲು ವಿದ್ಯುತ್ತಿಗೆ ದಾರಿ ಬಿಡುತ್ತದೆ, ಬೀಸಣಿಗೆಯು ತಿರುಗುತ್ತದೆ. ಬಯಲು ದಾರಿಯಲ್ಲಿ ತಣ್ಣಗಿದ್ದು ಸಂತೆಯ ಬೀದಿಯಲ್ಲಿ ಮಾತ್ರ ಕಾಯುವ ಗಾಡಿಗೆ ಬೀಸಣಿಗೆಯದೇ ದೋಷವಿರಬಹುದೆಂದು ಮೊದಲು ಶಂಕಿಸತಕ್ಕದ್ದು.

ತಾಯಿಯವರನ್ನು ಮಗನೊಡನೆ ಬಸ್ಸಿನಲ್ಲಿ ಕಳುಹಿಸಿ ನಾವು ಅಲ್ಲಿಯೇ ಉಳಿದೆವು. ಗಾಡಿ ಆರಿದ ಬಳಿಕ ದ್ರವದ ಮಟ್ಟವನ್ನು ನೋಡಿದೆವು. ತೊಟ್ಟಿಯ ಎರಡು ಗೆರೆಗಳ ನಡುವೆ ಸರಿಯಾಗಿಯೇ ಇತ್ತು. ಕೆಲವು ಗಾಡಿಗಳಲ್ಲಿ ಬೀಗದ ಕೈ ತೆಗೆದ ಮೇಲೂ ಬೀಸಣಿಗೆಯು ಹಠಾತ್ತಾಗಿ ತಿರುಗುವುದುಂಟು. ಆದುದರಿಂದ ಅದರ ತಂತಿಯ ಕೂಡಿಕೆಯನ್ನು ಬಿಚ್ಚಿ ಅಲಗನ್ನು ಬೆರಳಿನಿಂದ ತಿರುಗಿಸಲೆತ್ನಿಸಿದೆವು. ಅದು ಅಲುಗಲಿಲ್ಲ. ಬಗ್ಗಿ ನೋಡಿದರೆ ಅಚ್ಚಿನ ಸುತ್ತ ತೆಂಗಿನ ನಾರು ಹುರಿಯಂತೆ ಸುತ್ತಿಕೊಂಡಿತ್ತು! ಅದನ್ನು ಬಿಡಿಸಿದೆವು. ಅಲಗು ಸಲೀಸಾಗಿ ತಿರುಗಿತು. ಆ ಮೇಲೆ ಫ್ಯೂಸನ್ನು ತೆಗೆದು ನೋಡಿದೆವು, ಸುಟ್ಟಿತ್ತು. ಪೆಟ್ಟಿಗೆಯಲ್ಲಿಯೇ ಇದ್ದ ಅಷ್ಟೇ ಆಂಪಿಯರಿನ ಬದಲಿ ಫ್ಯೂಸನ್ನು ಹಾಕಿ, ಕೂಡಿಕೆಯನ್ನು ಸೇರಿಸಿ, ಯಂತ್ರವನ್ನು ನಿಂತಲ್ಲಿಯೇ ನಡೆಸಿದೆವು. ಬಿಸಿಯೇರುತ್ತಲೇ ಬೀಸಣಿಗೆಯು ಗಿರ್ರನೆ ತಿರುಗಿತು.

ಇಲ್ಲಿ ಒಂದು ಪಾಠವುಂಟು. ಫ್ಯೂಸು ಕಳ್ಳನಲ್ಲ, ಕಾವಲುಗಾರ. ಸಿಕ್ಕಿಬಿದ್ದ ಮೋಟಾರು ಮಿತಿಮೀರಿ ವಿದ್ಯುತ್ತನ್ನೆಳೆದುದರಿಂದ ಅದು ತಾನು ಸುಟ್ಟು ತಂತಿಗಳನ್ನು ಉಳಿಸಿತು. ನಾರನ್ನು ಬಿಡಿಸದೆ ಫ್ಯೂಸನ್ನು ಮಾತ್ರ ಬದಲಿಸಿದ್ದರೆ ಎರಡನೆಯದೂ ಸುಡುತ್ತಿತ್ತು. ಅದರ ಸ್ಥಳದಲ್ಲಿ ತಾಮ್ರದ ತಂತಿಯನ್ನು ಸಿಕ್ಕಿಸುವವರು ಗಾಡಿಗೇ ಬೆಂಕಿಯನ್ನು ಆಹ್ವಾನಿಸುತ್ತಾರೆ.

ಅಲಗು ಸಲೀಸಾಗಿದ್ದು ಫ್ಯೂಸು ಸರಿಯಿದ್ದರೂ ಬೀಸಣಿಗೆ ತಿರುಗದಿದ್ದರೆ, ಕೂಡಿಕೆಯಲ್ಲಿ ಕಿಲುಬಿದೆಯೇ ನೋಡುವುದು. ಬಳಿಕ 12 ವೋಲ್ಟಿನ ಬ್ಯಾಟರಿಯಿಂದ ಮೋಟಾರಿಗೆ ನೇರವಾಗಿ ವಿದ್ಯುತ್ತು ಕೊಡಿಸಿ ಪರೀಕ್ಷಿಸುವುದು. ಆಗಲೂ ತಿರುಗದಿದ್ದರೆ ಮೋಟಾರೇ ಕೆಟ್ಟಿದೆ. ತಿರುಗಿದರೆ ದೋಷವು ರಿಲೇಯಲ್ಲಿಯೋ ಸೆನ್ಸರಿನಲ್ಲಿಯೋ ತಂತಿಯಲ್ಲಿಯೋ ಇದೆ. ಬೀಸಣಿಗೆಯು ಚೆನ್ನಾಗಿ ತಿರುಗಿಯೂ ಗಾಡಿ ಕಾಯುವುದಾದರೆ ಪಂಪು, ಥರ್ಮೋಸ್ಟಾಟ್ ಇವುಗಳನ್ನು ಬಲ್ಲ ಕುಶಲನಿಗೆ ತೋರಿಸುವುದೇ ಲೇಸು.

ನಾರು, ಧೂಳು ಹೆಚ್ಚಾಗಿರುವ ನಮ್ಮ ಸೀಮೆಯಲ್ಲಿ ತಿಂಗಳಿಗೊಮ್ಮೆ ರೇಡಿಯೇಟರಿನ ಸಂದುಗಳನ್ನು ಮೆತ್ತನೆಯ ಕುಂಚದಿಂದಲೂ ಸಣ್ಣ ಧಾರೆಯ ನೀರಿನಿಂದಲೂ ತೊಳೆಯತಕ್ಕದ್ದು. ರಭಸದ ಧಾರೆಯು ತೆಳುವಾದ ರೆಕ್ಕೆಗಳನ್ನು ಬಾಗಿಸುತ್ತದೆ. ಕೊಳವೆಬಾವಿಯ ಗಡಸು ನೀರನ್ನು ತುಂಬಬಾರದು. ಕುಡಿಯುವ ನೀರಿನ ಪಾತ್ರೆಯಲ್ಲಿ ಕಟ್ಟುವ ಬಿಳಿಯ ಹರಳೇ ಅದರೊಳಗೂ ಕಟ್ಟುತ್ತದೆ.

ತಾಯಿಯವರು ಸಂಜೆ ಔಷಧಿಯೊಡನೆ ಸುಖವಾಗಿ ಮರಳಿದರು. ನಾವು ಆ ನಾರಿನ ಸುರುಳಿಯನ್ನು ತೋರಿಸಿದೆವು. ಅವರು ಅದನ್ನು ತಿರುವಿ ನೋಡಿ, ಪಾತ್ರೆ ತಿಕ್ಕಲಾದೀತೆಂದು ಒಳಗೆ ತೆಗೆದುಕೊಂಡು ಹೋದರು.