ನಲವತ್ತೊಂಬತ್ತನೆಯ ನಕ್ಷತ್ರ

ಅಮೆರಿಕದ ಬಾವುಟದಲ್ಲಿ ಎಷ್ಟು ನಕ್ಷತ್ರಗಳಿವೆ? ಮಕ್ಕಳು ಐವತ್ತು ಎಂದು ಥಟ್ಟನೆ ಹೇಳುತ್ತಾರೆ. ಆದರೆ ನನ್ನ ವಯಸ್ಸಿನ ಅಜ್ಜ ಅಜ್ಜಿಯರು ಹುಟ್ಟಿದಾಗ ಅಲ್ಲಿದ್ದದ್ದು 48. ರಾಜ್ಯಕ್ಕೊಂದು ನಕ್ಷತ್ರ. 49ನೆಯದಕ್ಕಾಗಿ ವರ್ಷಗಟ್ಟಲೆ ಓಡಾಡಿದವರಲ್ಲಿ ಪತ್ರಿಕೆಯ ಮಾಲೀಕರೊಬ್ಬರು ಇದ್ದರು. ಅವರ ಹೆಸರು ರಾಬರ್ಟ್ ಅಟ್‌ವುಡ್.

ಅಲಾಸ್ಕಾ ಹಿಮದ ನಾಡು. ಸುಮಾರು ಒಂಬತ್ತು ಕರ್ನಾಟಕ ಹಿಡಿಸುವಷ್ಟು ದೊಡ್ಡದು. 1867ರಲ್ಲಿ ಅಮೆರಿಕ ಇದನ್ನು ರಷ್ಯಾದಿಂದ 72 ಲಕ್ಷ ಡಾಲರಿಗೆ ಕೊಂಡಿತು. ಕೊಂಡರೂ ರಾಜ್ಯದ ಸ್ಥಾನ ಕೊಡಲಿಲ್ಲ. ಅಲ್ಲಿನ ಜನ ತೆರಿಗೆ ಕಟ್ಟಬೇಕು, ಆದರೆ ಅಧ್ಯಕ್ಷರ ಚುನಾವಣೆಯಲ್ಲಿ ಮತ ಹಾಕುವಂತಿಲ್ಲ. ಗವರ್ನರನ್ನು ನೇಮಿಸುವವರು ಅಧ್ಯಕ್ಷರು. ಸಂಸತ್ತಿಗೆ ಹೋದ ಅವರ ಪ್ರತಿನಿಧಿ ಮಾತಾಡಬಹುದು, ಮತ ಹಾಕುವಂತಿಲ್ಲ. ಬ್ಯಾಂಕಿನಲ್ಲಿ ದುಡಿದ ನನಗೆ ಇದು ಹೀಗೆ ಕಾಣುತ್ತದೆ: ದುಡ್ಡು ಕಟ್ಟುವವನು ಒಬ್ಬ, ಚೆಕ್ಕಿಗೆ ಸಹಿ ಹಾಕುವವನು ಇನ್ನೊಬ್ಬ!

ಅಲಾಸ್ಕಾದ ದೊಡ್ಡ ಸಂಪತ್ತು ಸಾಲ್ಮನ್ ಮೀನು. ಹೊರಊರಿನ ಕಂಪನಿಗಳು ಮೀನು ಬರುವ ದಾರಿಯಲ್ಲೇ ದೊಡ್ಡ ದೊಡ್ಡ ಬಲೆಗಳನ್ನು ಕಟ್ಟಿ ಬಾಚಿಕೊಳ್ಳುತ್ತಿದ್ದವು. ದೋಣಿಯಲ್ಲಿ ಹೋಗುವ ಊರಿನ ಮೀನುಗಾರರಿಗೆ ಸಿಗುವುದು ಕಡಿಮೆಯಾಯಿತು. ಆ ಬಲೆ ತೆಗೆಸುವ ಅಧಿಕಾರವೂ ಅವರ ಕೈಯಲ್ಲಿರಲಿಲ್ಲ.

ಶಿಕಾಗೊದಲ್ಲಿ ಹುಟ್ಟಿದ ಅಟ್‌ವುಡ್ 1935ರಲ್ಲಿ ಆಂಕರೇಜ್ ಎಂಬ ಊರಿನ ಪುಟ್ಟ ಪತ್ರಿಕೆಯನ್ನು ಕೊಂಡರು. ಆಗ ಅವರಿಗೆ 28 ವರ್ಷ. ಮುಂದೆ ಅದರಲ್ಲಿ ರಾಜ್ಯ ಬೇಕೆಂದು ಮತ್ತೆ ಮತ್ತೆ ಬರೆದರು. ಹೆಂಡತಿ ಎವಾಂಜೆಲೀನ್ ಕೂಡ ಜೊತೆಗೂಡಿದರು. 1949ರಲ್ಲಿ ರಾಜ್ಯಸ್ಥಾನ ಸಮಿತಿ ರಚನೆಯಾದಾಗ ಅಟ್‌ವುಡ್ ಅದರ ಅಧ್ಯಕ್ಷರಾದರು. ವಾಷಿಂಗ್ಟನ್ನಿಗೆ ಹೋಗಿ ಸಂಸದರ ಮುಂದೆ ವಾದ ಮಾಡಿದರು.

“ಜನ ಕಡಿಮೆ, ಆದಾಯವಿಲ್ಲ. ರಾಜ್ಯದ ಖರ್ಚು ಯಾರು ಕೊಡುತ್ತಾರೆ?” ಎಂಬುದು ವಿರೋಧಿಗಳ ಪ್ರಶ್ನೆ. “ನಮ್ಮ ನೆಲ, ನಮ್ಮ ಮೀನು ನಮ್ಮ ಕೈಗೆ ಬರಲಿ, ಆದಾಯ ತಾನಾಗಿ ಬರುತ್ತದೆ” ಎಂಬುದು ಬೆಂಬಲಿಗರ ಉತ್ತರ. ಇದರಲ್ಲಿ ಅಟ್‌ವುಡ್ ಅವರ ಲಾಭವೂ ಇತ್ತೆನ್ನಿ. ಊರು ಬೆಳೆದರೆ ಪತ್ರಿಕೆಯೂ ಬೆಳೆಯುತ್ತದೆ. ಆದರೆ ಮತದ ಹಕ್ಕು ಸಿಗುವುದು ಎಲ್ಲರಿಗೂ ತಾನೇ?

1958ರ ಜೂನ್ 30ರಂದು ಸೆನೆಟ್ ಒಪ್ಪಿತು. ಅಟ್‌ವುಡ್ ಅವರ ಪತ್ರಿಕೆ ಮುಖಪುಟದ ತುಂಬ ದಪ್ಪಕ್ಷರದಲ್ಲಿ “ನಾವೂ ಸೇರಿದೆವು” ಎಂಬ ಅರ್ಥದ ಶೀರ್ಷಿಕೆ ಹಾಕಿತು. ಆಂಕರೇಜಿನ ಜನ ಸೌದೆಯ ರಾಶಿಗೆ ಬೆಂಕಿ ಹಚ್ಚಿ, ನಮ್ಮ ಕಾಮನ ಹಬ್ಬದ ಹಾಗೆ ಸುತ್ತ ನಿಂತು ಸಂಭ್ರಮಿಸಿದರು. 1959ರ ಜನವರಿ 3ರಂದು ಅಲಾಸ್ಕಾ ರಾಜ್ಯವಾಯಿತು. ಮೀನಿನ ಆ ದೊಡ್ಡ ಬಲೆಗಳಿಗೆ ನಿಷೇಧ ಬಂತು. ಅದೇ ಆಗಸ್ಟಿನಲ್ಲಿ ಹವಾಯಿ 50ನೆಯ ರಾಜ್ಯವಾಯಿತು.

ಎಲ್ಲವೂ ಒಂದೇ ದಿನದಲ್ಲಿ ಸರಿಹೋಗಲಿಲ್ಲ. ಅಲ್ಲಿನ ಮೂಲನಿವಾಸಿಗಳ ಜಮೀನಿನ ಹಕ್ಕಿನ ಕಾಯಿದೆ ಬಂದದ್ದು 1971ರಲ್ಲಿ.

ಮಕ್ಕಳೇ, ಈ ಭಾನುವಾರ ಅಜ್ಜ ಅಜ್ಜಿಯರನ್ನು ಒಂದು ಮಾತು ಕೇಳಿ: ಅವರು ಮೊದಲ ಸಲ ಮತ ಹಾಕಿದ್ದು ಯಾವಾಗ? ಅಲಾಸ್ಕಾದವರು ಅಷ್ಟು ವರ್ಷ ಕಾದದ್ದು ಬೆರಳಿನ ಆ ಮಸಿಯಂಥ ಒಂದು ಹಕ್ಕಿಗಾಗಿ.