ಪಿತ್ರಾರ್ಜಿತ ತೋಟವೂ ಪಡಿತರ ಚೀಟಿಯೂ

ಮನೆಯ ಹಿರಿಯರು ತೀರಿಕೊಂಡು ವರ್ಷಗಳು ಕಳೆದರೂ ಪಹಣಿಯಲ್ಲಿ ಅವರ ಹೆಸರೇ ಉಳಿದಿರುವ ತೋಟಗಳು ಮಲೆನಾಡಿನ ಊರೂರಿನಲ್ಲೂ ಇವೆ. ಇದಕ್ಕೆ ಅಣ್ಣತಮ್ಮಂದಿರ ವ್ಯಾಜ್ಯವೊಂದೇ ಕಾರಣವಲ್ಲ. “ಜಮೀನು ನನ್ನ ಹೆಸರಿಗೆ ಬಂದರೆ ಬಿ.ಪಿ.ಎಲ್. ಕಾರ್ಡು ಹೋಗುತ್ತದೆ, ಅಮ್ಮನ ಪಿಂಚಣಿ ನಿಲ್ಲುತ್ತದೆ” ಎಂಬ ಅಂಜಿಕೆಯೂ ಅನೇಕ ಸಣ್ಣ ಬೆಳೆಗಾರರ ಕೈ ಕಟ್ಟಿದೆ. ಈ ಅಂಜಿಕೆಯಲ್ಲಿ ಹುರುಳೆಷ್ಟು, ಗಾಳಿಮಾತೆಷ್ಟು ಎಂಬುದನ್ನು ನಮ್ಮ ಸದಸ್ಯ ಬಾಂಧವರು ಒಮ್ಮೆ ಲೆಕ್ಕ ಹಾಕಿ ನೋಡುವುದು ಒಳ್ಳೆಯದು.

ಹಕ್ಕು ಹುಟ್ಟುವುದು ಯಾವಾಗ?

ಮೊದಲು ತಿಳಿಯಬೇಕಾದ ಸಂಗತಿಯೆಂದರೆ, ಖಾತೆ ಬದಲಾಗುವವರೆಗೂ ಆಸ್ತಿ ನಮ್ಮದಲ್ಲ ಎಂಬ ನಂಬಿಕೆ ಸರಿಯಲ್ಲ. ಉಯಿಲು ಬರೆಯದೆ ತೀರಿಕೊಂಡವರ ಆಸ್ತಿಯ ಹಕ್ಕು ಅವರು ತೀರಿಕೊಂಡ ಕ್ಷಣದಲ್ಲೇ ವಾರಸುದಾರರಿಗೆ ಬರುತ್ತದೆ. ಪೌತಿ ಖಾತೆ ಆ ಹಕ್ಕನ್ನು ದಾಖಲಿಸುತ್ತದೆಯೇ ಹೊರತು ಹುಟ್ಟಿಸುವುದಿಲ್ಲ. ಹೀಗೆ ಹಕ್ಕು ಪಡೆದವರು ಮೂರು ತಿಂಗಳೊಳಗಾಗಿ ಕಂದಾಯ ಅಧಿಕಾರಿಗೆ ವರದಿ ಮಾಡಬೇಕೆಂದು 1964ರ ಕರ್ನಾಟಕ ಭೂ ಕಂದಾಯ ಅಧಿನಿಯಮದ 128ನೆಯ ಪ್ರಕರಣ ಹೇಳುತ್ತದೆ. ಆದ್ದರಿಂದ ಪಹಣಿಯಲ್ಲಿ ತಂದೆಯ ಹೆಸರನ್ನು ಹಾಗೆಯೇ ಬಿಟ್ಟು “ನನಗೆ ಜಮೀನಿಲ್ಲ” ಎಂದು ಬರೆದುಕೊಟ್ಟರೆ ಅದು ಸುಳ್ಳು ಹೇಳಿಕೆಯೇ ಆಗುತ್ತದೆ.

ನಿಮ್ಮ ಪಾಲನ್ನು ಮಾತ್ರ ಎಣಿಸಿ

ತಂದೆಯ ಒಟ್ಟು ವಿಸ್ತೀರ್ಣವನ್ನು ನೋಡಿ ಹೆದರುವುದು ಎರಡನೆಯ ತಪ್ಪು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಂತೆ ಉಯಿಲಿಲ್ಲದ ಸ್ವಯಾರ್ಜಿತ ಆಸ್ತಿಯಲ್ಲಿ ಪತ್ನಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ಮೃತರ ತಾಯಿ ಬದುಕಿದ್ದರೆ ಅವರೂ ಸಮಪಾಲುದಾರರು. 8 ಎಕರೆ ಬಿಟ್ಟುಹೋದವರಿಗೆ ಪತ್ನಿ, ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು ಇದ್ದರೆ ಒಬ್ಬೊಬ್ಬರಿಗೆ ಬರುವುದು 2 ಎಕರೆ ಮಾತ್ರ. ಪಿತ್ರಾರ್ಜಿತ ಕೂಡುಕುಟುಂಬದ ಆಸ್ತಿಯಲ್ಲಿ ಲೆಕ್ಕದ ಕ್ರಮ ಬೇರೆಯಾದರೂ, 2005ರ ತಿದ್ದುಪಡಿಯ ನಂತರ ಮಗಳಿಗೂ ಮಗನಷ್ಟೇ ಹಕ್ಕಿದೆ. 2020ರಲ್ಲಿ ಸುಪ್ರೀಂ ಕೋರ್ಟು ಇದನ್ನು ಸ್ಪಷ್ಟಪಡಿಸಿದೆ. ಮುಸ್ಲಿಂ ಮತ್ತು ಕ್ರೈಸ್ತ ಕುಟುಂಬಗಳಿಗೆ ಅವರವರ ಉತ್ತರಾಧಿಕಾರ ನಿಯಮಗಳಿವೆ.

ಕಾರ್ಡಿಗೆ ಹೆದರಿ ಅಕ್ಕತಂಗಿಯರಿಂದ ಹಕ್ಕು ಖುಲಾಸೆ ಪತ್ರಕ್ಕೆ ಅವಸರದಲ್ಲಿ ಸಹಿ ಹಾಕಿಸಿಕೊಳ್ಳುವುದೂ ಅಲ್ಲಲ್ಲಿ ಉಂಟು. ತಿಂಗಳ ಅಕ್ಕಿಗಾಗಿ ಜೀವಮಾನದ ಆಸ್ತಿಯನ್ನು ಬಿಟ್ಟುಕೊಡುವಂತೆ ಯಾವ ಸೋದರಿಗೂ ಹೇಳುವುದು ನ್ಯಾಯವಲ್ಲ.

ಯಾವುದಕ್ಕೆ ಯಾವ ಮಿತಿ?

ಬಿ.ಪಿ.ಎಲ್. ಕಾರ್ಡಿಗೆ ರಾಜ್ಯದಲ್ಲಿ ನಿಗದಿಯಾದ ಮಿತಿ ಕುಟುಂಬದ ವಾರ್ಷಿಕ ಆದಾಯ 1,20,000 ರೂ. ಗ್ರಾಮಾಂತರದಲ್ಲಿ 3 ಹೆಕ್ಟೇರ್, ಎಂದರೆ ಸುಮಾರು 7 ಎಕರೆ 16 ಗುಂಟೆ ಖುಷ್ಕಿ ಜಮೀನು ಅಥವಾ ಅದಕ್ಕೆ ಸಮನಾದ ನೀರಾವರಿ ಜಮೀನಿಗಿಂತ ಹೆಚ್ಚು ಇರಬಾರದು. ಇಲ್ಲಿ ಮೂರು ಮಾತು ನೆನಪಿಡಬೇಕು. ಒಂದು, ಒಂದೇ ಕಾರ್ಡಿನಲ್ಲಿರುವವರ ಜಮೀನು ಒಟ್ಟಾಗಿ ಲೆಕ್ಕಕ್ಕೆ ಬರುತ್ತದೆ. ಎರಡು, ನೀರಾವರಿ ತೋಟಕ್ಕೆ ಖುಷ್ಕಿಯ ಅಳತೆ ಸಲ್ಲುವುದಿಲ್ಲ. ಮೂರು, ತೋಟಗಾರರಿಗೆ ವಿಸ್ತೀರ್ಣಕ್ಕಿಂತ ಆದಾಯದ ಮಿತಿಯೇ ಬಿಗಿ. ಅಡಿಕೆಗೆ ಕ್ವಿಂಟಲಿಗೆ 40,000 ರೂ. ದರ ಹಿಡಿದರೆ 3 ಕ್ವಿಂಟಲಿನ ಮಾರಾಟವೇ 1,20,000 ರೂ. ಮುಟ್ಟುತ್ತದೆ. ಆದುದರಿಂದ ಗೊಬ್ಬರ, ಔಷಧಿ ಸಿಂಪರಣೆ, ಕೊನೆಗೊಯ್ಲಿನ ಕೂಲಿ ಮುಂತಾದ ಖರ್ಚಿನ ಚೀಟಿಗಳನ್ನೂ ಮಾರಾಟದ ಬಿಲ್ಲುಗಳನ್ನೂ ಜೋಪಾನವಾಗಿಡಿ.

ಕಾರ್ಡು ಎ.ಪಿ.ಎಲ್. ಆದರೆ ಪಡಿತರ ಅಕ್ಕಿ ನಿಲ್ಲುತ್ತದೆ. ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗಿನ ಚಿಕಿತ್ಸೆ ಉಚಿತ, ಎ.ಪಿ.ಎಲ್.ನವರಿಗೆ ನಿಗದಿತ ದರದ ಶೇಕಡಾ 30ರಷ್ಟು ಮಾತ್ರ ಸರ್ಕಾರ ಭರಿಸುತ್ತದೆ, ಅದೂ ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ಈ ನಷ್ಟ ಸಣ್ಣದಲ್ಲ. ಆದರೆ 2023ರ ಆಗಸ್ಟಿನಲ್ಲಿ ಆರಂಭವಾದ ಗೃಹಲಕ್ಷ್ಮಿಯ 2,000 ರೂ. ಎ.ಪಿ.ಎಲ್. ಮನೆಯೊಡತಿಗೂ ಸಲ್ಲುತ್ತದೆ. ಆಕೆ ಅಥವಾ ಆಕೆಯ ಪತಿ ಆದಾಯ ತೆರಿಗೆ, ಜಿ.ಎಸ್.ಟಿ. ಕಟ್ಟುವವರಾಗಿರಬಾರದು, ಅಷ್ಟೇ.

ಪಿ.ಎಂ. ಕಿಸಾನ್ ಯೋಜನೆಯ ಮಾತು ಇನ್ನೂ ಸ್ವಾರಸ್ಯದ್ದು. 1-2-2019ಕ್ಕೆ ಪಹಣಿಯಲ್ಲಿ ಹೆಸರಿದ್ದವರಿಗೆ ಮಾತ್ರ ವರ್ಷಕ್ಕೆ 6,000 ರೂ. ಎಂಬುದು ನಿಯಮವಾದರೂ, ಜಮೀನುದಾರರ ಮರಣದಿಂದ ವಾರಸುದಾರರಿಗೆ ಬಂದ ಜಮೀನಿಗೆ ಇದರಲ್ಲಿ ವಿನಾಯಿತಿಯಿದೆ. ಎಂದರೆ ಇಲ್ಲಿ ಪೌತಿ ಖಾತೆಯಿಂದ ಸೌಲಭ್ಯ ಹೋಗುವುದಿಲ್ಲ, ಬರುತ್ತದೆ! ಸಂಘದ ಬೆಳೆಸಾಲ, ಅಡಿಕೆ ಮತ್ತು ಕಾಳುಮೆಣಸಿನ ಹವಾಮಾನ ಆಧಾರಿತ ಬೆಳೆ ವಿಮೆ, ಅತಿವೃಷ್ಟಿಯ ಪರಿಹಾರ ಇವೆಲ್ಲಕ್ಕೂ ಪಹಣಿಯಲ್ಲಿನ ಹೆಸರೇ ಆಧಾರ. ಕೊಳೆರೋಗ ಬಂದು ಬೆಳೆ ಉದುರಿದ ವರ್ಷ, ಇಲ್ಲದವರ ಹೆಸರಿನಲ್ಲಿರುವ ಪಹಣಿ ಕೈಕೊಡುತ್ತದೆ.

ನಗದು ಬಂದಾಗ

ಭಾರತದಲ್ಲಿ ಮರಣ ತೆರಿಗೆ 1985ರಲ್ಲೇ ರದ್ದಾಗಿದೆ. ವಾರಸಾಗಿ ಬಂದ ಹಣವನ್ನು ಆದಾಯ ತೆರಿಗೆಯೂ ಆದಾಯವೆಂದು ಎಣಿಸುವುದಿಲ್ಲ. ಆದರೆ ಆ ಹಣವನ್ನು ಠೇವಣಿ ಇಟ್ಟರೆ ಬರುವ ಬಡ್ಡಿ ಆದಾಯವೇ ಸರಿ. ವೃದ್ಧರ ಸಂಧ್ಯಾ ಸುರಕ್ಷಾ ಪಿಂಚಣಿಯಲ್ಲಿ ಠೇವಣಿಯನ್ನೂ ನೋಡಲಾಗುತ್ತದೆ. 2007ರಲ್ಲಿ ಯೋಜನೆ ಬಂದಾಗ ದಂಪತಿಗಳ ವಾರ್ಷಿಕ ಆದಾಯ 20,000 ರೂ., ಠೇವಣಿ 10,000 ರೂ. ಮೀರಬಾರದೆಂದಿತ್ತು. ಇಂಥ ಮಿತಿಗಳು ಕಾಲಕಾಲಕ್ಕೆ ಪರಿಷ್ಕೃತವಾಗುವುದರಿಂದ, ಹಣ ಕೈಗೆ ಬಂದ ದಿನದ ಮಿತಿಯನ್ನೇ ನಾಡಕಚೇರಿಯಲ್ಲಿ ವಿಚಾರಿಸಿ ತೀರ್ಮಾನಿಸಬೇಕು. ಬ್ಯಾಂಕಿನ ಠೇವಣಿಗೆ ನಾಮಿನಿಯಾದವರು ಹಣ ಪಡೆಯುವ ವಿಶ್ವಸ್ತರು ಮಾತ್ರ; ಹಣ ಎಲ್ಲ ವಾರಸುದಾರರದು. ತಾಯಿಯ ಖಾತೆಗೆ ಪೂರ್ತಿ ಹಣ ಬಿದ್ದು ಅಲ್ಲೇ ಉಳಿದರೆ ಅವರ ಪಿಂಚಣಿಗೆ ವೃಥಾ ತೊಡಕಾದೀತು. ಮಕ್ಕಳ ಪಾಲನ್ನು ಬರವಣಿಗೆಯಲ್ಲಿ ತೋರಿಸಿ ಬೇಗನೆ ಹಂಚಿಕೊಳ್ಳುವುದು ಮೇಲು.

ಮಾಡಬೇಕಾದುದು

21 ದಿನದೊಳಗೆ ಮರಣವನ್ನು ನೋಂದಾಯಿಸಿ. ನಾಡಕಚೇರಿಯಿಂದ ವಂಶವೃಕ್ಷ ಪಡೆದು, ಎಲ್ಲ ವಾರಸುದಾರರ ಹೆಸರೂ ಸೇರಿದಂತೆ ಪೌತಿ ಖಾತೆಗೆ ಅರ್ಜಿ ಕೊಡಿ. ಮೃತರ ಹೆಸರನ್ನು ಪಡಿತರ ಚೀಟಿಯಿಂದ ತೆಗೆಸಿ. ಅವರ ಪಿಂಚಣಿ, ಪಿ.ಎಂ. ಕಿಸಾನ್ ಹಣ ನಂತರವೂ ಜಮೆಯಾಗುತ್ತಿದ್ದರೆ ಮುಟ್ಟಬೇಡಿ, ಅದನ್ನು ಹಿಂದಿರುಗಿಸಬೇಕಾಗುತ್ತದೆ. ಸಾಧ್ಯವಾದರೆ ಪಾಲುಪಟ್ಟಿ ಮಾಡಿ ಪಹಣಿಯಲ್ಲಿ ಪ್ರತ್ಯೇಕ ವಿಸ್ತೀರ್ಣ ಕಾಣುವಂತೆ ಮಾಡಿಕೊಳ್ಳಿ. ಜಂಟಿ ಪಹಣಿಯ ಒಟ್ಟು ಎಕರೆಯನ್ನೇ ನೋಡಿ ಕಾರ್ಡು ರದ್ದಾದರೆ, ನಿಮ್ಮ ಪಾಲು ಇಷ್ಟೇ ಎಂದು ತೋರಿಸಲು ಅದೇ ಆಧಾರ.

ಇಷ್ಟೆಲ್ಲ ಲೆಕ್ಕ ಹಾಕಿದ ಮೇಲೂ ಮಿತಿ ಮೀರಿದರೆ, ತಾವಾಗಿಯೇ ಆಹಾರ ನಿರೀಕ್ಷಕರಿಗೆ ತಿಳಿಸಿ ಕಾರ್ಡು ಬದಲಾಯಿಸಿಕೊಳ್ಳುವುದೇ ದಾರಿ. ಪಹಣಿಗೆ ಆಧಾರ್ ಜೋಡಣೆಯಾಗುತ್ತಿರುವ ಈ ಕಾಲದಲ್ಲಿ ಮುಚ್ಚಿಟ್ಟದ್ದು ಹೆಚ್ಚು ದಿನ ಮುಚ್ಚಿರದು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದೆಂಬ ಗಾದೆ ಅಡಿಕೆ ಬೆಳೆಯುವ ನಮಗೆ ಬೇರೆಯವರು ಹೇಳಿಕೊಡಬೇಕಾದುದೇನಲ್ಲ.