ಮೀನಿಗೂ ದಾರಿ ಬೇಕು

ವಕ್ಕಲೇರಿಯಂತಹ ಬಯಲುಸೀಮೆಯ ಊರಿನವನು ಮೀನಿನ ವಿಷಯವಾಗಿ ಬರೆಯಹೊರಟರೆ ವಾಚಕರು ನಕ್ಕಾರು. ನಮ್ಮ ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಇರುವುದೆಲ್ಲ ಮಳೆಯನ್ನು ನಂಬಿದ ಕೆರೆಗಳು. ಆದರೂ ಮೀನಿನ ಬಾಳಿನ ಒಂದು ಮುಖ್ಯ ನಿಯಮವನ್ನು ನಮ್ಮ ಹಳ್ಳಿಗರು ಪುಸ್ತಕದ ನೆರವಿಲ್ಲದೆ ಬಲ್ಲರು. ದೊಡ್ಡ ಮಳೆ ಬಿದ್ದು ಕಾಲುವೆಯ ಹೊಸ ನೀರು ಕೆರೆಗೆ ಇಳಿಯುವಾಗ ಗೆಂಡೆ ಮೊದಲಾದ ಮೀನುಗಳು ಆ ನೀರಿಗೆ ಎದುರಾಗಿ ಏರುತ್ತವೆ. ಅವು ಏರುವುದು ಮೊಟ್ಟೆಯಿಡಲು. ಕಾಲುವೆ ಮುಚ್ಚಿದರೆ ಕೆರೆಯಲ್ಲಿ ನೀರಿದ್ದೂ ಆ ಸಂತತಿ ಕ್ಷೀಣಿಸುತ್ತದೆ.

ಈ ನಿಯಮದ ಅತ್ಯಂತ ಪ್ರಸಿದ್ಧ ನಿದರ್ಶನ ಶೀತದೇಶಗಳ ಸಾಲ್ಮನ್ ಮೀನು. ಅದು ಹೊಳೆಯ ಜಲ್ಲಿಕಲ್ಲುಗಳ ನಡುವೆ ಹುಟ್ಟಿ, ಸಮುದ್ರಕ್ಕೆ ಹೋಗಿ ಬೆಳೆದು, ತಾನು ಹುಟ್ಟಿದ ಹೊಳೆಯನ್ನು ನೀರಿನ ವಾಸನೆಯಿಂದ ಗುರುತಿಸಿ ಹಿಂದಿರುಗುತ್ತದೆ. ಪೆಸಿಫಿಕ್ ಸಾಗರದ ಸಾಲ್ಮನ್ ಜಾತಿಗಳಲ್ಲಿ ಬಹುಪಾಲು ಮೊಟ್ಟೆಯಿಟ್ಟೊಡನೆ ಸಾಯುತ್ತವೆ. ಕರಡಿಗಳು ದಡಕ್ಕೆಳೆದು ತಿಂದುಳಿದ ಆ ದೇಹಗಳು ಕಾಡಿನ ಮರಗಳಿಗೆ ಗೊಬ್ಬರವಾಗುತ್ತವೆ. ಕಡಲಿನ ಸಾರವನ್ನು ಬೆಟ್ಟದ ಮೇಲಕ್ಕೆ ಹೊತ್ತೊಯ್ಯುವ ಕೆಲಸ ಈ ಮೀನಿನದು. ಆದುದರಿಂದ ಅದರ ದಾರಿಗೆ ಅಣೆಕಟ್ಟು ಅಡ್ಡ ಬಂದರೆ ಮೀನಿಗೆ ಮಾತ್ರವಲ್ಲ, ಕಾಡಿಗೂ ನಷ್ಟವುಂಟು.

ನಮ್ಮ ನಾಡಿನಲ್ಲಿ ಸಾಲ್ಮನ್ ಇಲ್ಲ. ಅದಕ್ಕೆ ಸರಿಜೋಡಿಯಾದ ಮಹಶೀರ್ ಉಂಟು. ಇದು ಗೆಂಡೆಯ ಕುಲದ್ದು, ಸಮುದ್ರಕ್ಕೆ ಹೋಗುವುದಿಲ್ಲ. ಆದರೆ ಮಳೆಗಾಲದ ಪ್ರವಾಹಕ್ಕೆ ಎದುರಾಗಿ ಏರಿ, ತಿಳಿನೀರಿನ ಜಲ್ಲಿಯಲ್ಲಿ ಮೊಟ್ಟೆಯಿಡುತ್ತದೆ. ದಕ್ಷಿಣ ಕನ್ನಡದಲ್ಲಿ ಕಲೆಕ್ಟರಾಗಿದ್ದ ಹೆಚ್. ಎಸ್. ಥಾಮಸ್ 1873ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಇದನ್ನು ಸಾಲ್ಮನ್ನಿಗೇ ಹೋಲಿಸಿದ್ದಾನೆ. ಮಹಶೀರುಗಳಲ್ಲೆಲ್ಲ ದೈತ್ಯವೆನಿಸಿದ್ದು ಕಾವೇರಿಯ ಬೆನ್ನುಬ್ಬಿನ ಮಹಶೀರ್. 1946ರಲ್ಲಿ ಕಬಿನಿಯಲ್ಲಿ ಗಾಳಕ್ಕೆ ಸಿಕ್ಕಿದ ಒಂದು ಮೀನು 120 ಪೌಂಡು ತೂಗಿತ್ತು.

ಇಷ್ಟು ಪ್ರಸಿದ್ಧವಾದ ಮೀನಿಗೆ ಶಾಸ್ತ್ರೀಯ ಹೆಸರು ನಿರ್ಧಾರವಾದದ್ದು 2018ರಲ್ಲಿ ಎಂದರೆ ಆಶ್ಚರ್ಯವಾದೀತು. ಕಾವೇರಿಯ ಉಪನದಿಯಾದ ಕೇರಳದ ಪಾಂಬಾರಿನಿಂದ 2007ರಲ್ಲಿ ವರ್ಣಿಸಲ್ಪಟ್ಟಿದ್ದ ‘ಟಾರ್ ರೆಮಾದೇವಿ’ ಎಂಬ ಜಾತಿಯೇ ಇದೆಂದು ಆಗ ಗೊತ್ತಾಯಿತು. ಅದೇ ವರ್ಷ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಇದನ್ನು ‘ಅಳಿವಿನ ತೀರ ಅಂಚಿನಲ್ಲಿರುವುದು’ ಎಂದು ಸೇರಿಸಿದರು. ನಾಮಕರಣಕ್ಕೂ ಮರಣದ ಎಚ್ಚರಿಕೆಗೂ ನಡುವೆ ಒಂದು ವರ್ಷದ ಅಂತರವೂ ಇರಲಿಲ್ಲ.

ಈ ದುರವಸ್ಥೆಗೆ ಕಾರಣಗಳು ಹಲವು. ಅಣೆಕಟ್ಟುಗಳು ದಾರಿಯನ್ನು ತಡೆದವು. ಮರಳು ತೆಗೆಯುವುದರಿಂದ ಮೊಟ್ಟೆಯಿಡುವ ತಳವೇ ಹೋಯಿತು. ಸಿಡಿಮದ್ದಿನ ಬೇಟೆ ಮರಿಗಳನ್ನೂ ಉಳಿಸಲಿಲ್ಲ. ಇನ್ನೊಂದು ಕಾರಣ ಸದುದ್ದೇಶದಿಂದಲೇ ಬಂದದ್ದು. 1970ರ ದಶಕದಿಂದ ಮಹಾರಾಷ್ಟ್ರದ ಲೋನಾವಳದಲ್ಲಿ ಸಾಕಿದ ನೀಲಿರೆಕ್ಕೆಯ ಮಹಶೀರಿನ ಮರಿಗಳನ್ನು ಕಾವೇರಿಗೆ ಬಿಡುತ್ತ ಬಂದರು. ಹೊಸಬನ ಸಂಖ್ಯೆ ಹೆಚ್ಚಿತು, ಮನೆಯವನ ಸಂಖ್ಯೆ ಇಳಿಯಿತು. ಮರಿ ತಂದು ಸುರಿದ ಮಾತ್ರಕ್ಕೆ ನದಿ ತನ್ನ ಮೀನನ್ನು ಮರಳಿ ಪಡೆಯಲಾರದು.

ದೇವಾಲಯದ ಮಡುಗಳಲ್ಲಿ ಮೀನನ್ನು ಕಾಪಾಡುವ ಸಂಪ್ರದಾಯ ಶೃಂಗೇರಿ, ಶಿಶಿಲ, ರಾಮನಾಥಪುರಗಳಲ್ಲಿ ಇಂದಿಗೂ ಉಂಟು, ಅದು ಸ್ತುತ್ಯವಾದುದು. ಆದರೆ 1996ರಲ್ಲಿ ದುಷ್ಕರ್ಮಿಗಳು ಶಿಶಿಲದ ಹೊಳೆಗೆ ವಿಷ ಹಾಕಿದಾಗ ಆ ಭಕ್ತಿಯೂ ಮೀನುಗಳನ್ನು ಉಳಿಸಲಾಗಲಿಲ್ಲ. ಮಡು ಹೊಳೆಯ ಒಂದು ತುಣುಕು. ತುಣುಕನ್ನು ಕಾಯಬೇಕಾದರೆ ಇಡೀ ಹೊಳೆಯನ್ನು ಕಾಯಬೇಕು.

ಕಾವೇರಿಯ ಮೀನಿಗೂ ಕೋಲಾರಕ್ಕೂ ಏನು ಸಂಬಂಧವೆಂದು ಯಾರಾದರೂ ಕೇಳಬಹುದು. ಸಂಬಂಧ ಹಳೆಯದು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಮೊದಲು ಬಂದದ್ದು ನಮ್ಮ ಚಿನ್ನದ ಗಣಿಗಳಿಗೆ. ಆ ವಿದ್ಯುತ್ತಿಗೆ ಬೇಸಗೆಯಲ್ಲಿಯೂ ನೀರು ಸಾಲಬೇಕೆಂಬುದು ಕನ್ನಂಬಾಡಿ ಕಟ್ಟೆಯ ಉದ್ದೇಶಗಳಲ್ಲಿ ಒಂದಾಗಿತ್ತು. 2001ರಲ್ಲಿ ಗಣಿಗಳು ಮುಚ್ಚಿದವು; ಕಟ್ಟೆ ನಿಂತಿದೆ. ಬೆಂಗಳೂರು ಬಳಸಿದ ಕಾವೇರಿಯ ನೀರು ಶುದ್ಧೀಕರಣವಾಗಿ 2018ರಿಂದ ಕೆ.ಸಿ. ವ್ಯಾಲಿ ಯೋಜನೆಯ ಮೂಲಕ ನಮ್ಮ ಜಿಲ್ಲೆಯ ಕೆರೆಗಳಿಗೆ ಬರುತ್ತಿದೆ. ಹೀಗೆ ಆ ನದಿಯ ಋಣ ನಮ್ಮ ಮೇಲೆ ಎರಡು ಬಾರಿ ಬಿದ್ದಿದೆ.

ಕಟ್ಟೆಗಳನ್ನೆಲ್ಲ ಒಡೆಯಬೇಕೆಂದು ನಾನು ಹೇಳುತ್ತಿಲ್ಲ. ಮಂಡ್ಯದ ಗದ್ದೆಗಳಿಗೆ ನೀರು ಬೇಕು. ಆದರೆ ಬೇಡವಾದ ಕಟ್ಟೆಯನ್ನು ತೆಗೆದರೆ ಮೀನು ಬರುವುದೆಂಬುದಕ್ಕೆ ಪ್ರಮಾಣವಿದೆ. ಅಮೆರಿಕದ ಕ್ಲಾಮತ್ ನದಿಯಲ್ಲಿ ನಾಲ್ಕು ಕಟ್ಟೆಗಳನ್ನು ತೆಗೆದು ಮುಗಿಸಿದ 2024ರಲ್ಲಿಯೇ, ಕೆಲವು ವಾರಗಳೊಳಗೆ, ಸಾಲ್ಮನ್ ಮೇಲಕ್ಕೇರಿತು. ಇಲ್ಲಿ ನಮ್ಮ ಕೈಲಾಗುವುದು ಇಷ್ಟು: ಅಣೆಕಟ್ಟಿಲ್ಲದೆ ಉಳಿದಿರುವ ಉಪನದಿಗಳನ್ನು ಹಾಗೆಯೇ ಬಿಡುವುದು, ಮರಳನ್ನು ಹೊಳೆಯಲ್ಲಿಯೇ ಉಳಿಸುವುದು, ಒಂದು ನದಿಯ ಮೀನನ್ನು ಇನ್ನೊಂದಕ್ಕೆ ಸುರಿಯದಿರುವುದು, ಊರಿನಲ್ಲಿಯಾದರೆ, ಕೆರೆಗೆ ನೀರು ತರುವ ಕಾಲುವೆ ಒತ್ತುವರಿಯಾಗದಂತೆ ನೋಡಿಕೊಳ್ಳುವುದು. ಕೆರೆ ತುಂಬಿಸುವ ಮಾತನ್ನು ಎಲ್ಲರೂ ಆಡುತ್ತಾರೆ. ಕೆರೆಗೆ ಬರುವ ದಾರಿಯ ಮಾತನ್ನು ವಿದ್ಯಾರ್ಥಿಗಳಾದ ನಾವಾದರೂ ಆಡೋಣ.